‘ಕೇಂದ್ರ’ ಯಾರು ಕೊಟ್ಟ ಸಾಲ?

ಮಾನ್ಯ ಸಂಪಾದಕರೆ,

ಇಂಗ್ಲಿಷಿನ ‘ಸೆಂಟರ್’ ನಮ್ಮ ‘ಕೇಂದ್ರ’ದಿಂದಲೇ ಹುಟ್ಟಿತೆಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದಾರೆ. ಎರಡು ಶಬ್ದಗಳೂ ನಂಟರೆಂಬುದು ನಿಜ, ಆದರೆ ಅವೆರಡರ ತವರೂ ಗ್ರೀಕ್ ಭಾಷೆ.

ಗ್ರೀಕಿನ ‘ಕೆಂಟ್ರೋನ್’ ಎಂಬುದು ‘ಚುಚ್ಚು’ ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ಹೋಮರನ ಇಲಿಯಡ್‌ನ ರಥಸ್ಪರ್ಧೆಯಲ್ಲಿ ಅದು ಕುದುರೆಗಳನ್ನು ತಿವಿದು ಓಡಿಸುವ ಮುಳ್ಳುಗೋಲು. ಅರಿಸ್ಟಾಟಲನ ಬರಹದಲ್ಲಿ ಜೇನುನೊಣದ ಕೊಂಡಿ. ಕೈವಾರದ ಮೊನೆ ಊರಿದ ಚುಕ್ಕೆಗೂ ಅದೇ ಹೆಸರು ಬಂತು, ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ವೃತ್ತದ ನಡುಬಿಂದುವನ್ನು ಹಾಗೆಯೇ ಕರೆಯುತ್ತಾನೆ. ಇಂಗ್ಲಿಷಿಗೆ ಅದು ಲ್ಯಾಟಿನ್ ಮತ್ತು ಫ್ರೆಂಚ್ ದಾಟಿ ಬಂದರೆ, ಸಂಸ್ಕೃತಕ್ಕೆ ಯವನರ, ಅಂದರೆ ಗ್ರೀಕರ, ಜ್ಯೋತಿಷದೊಡನೆ ಬಂತು. ಮೋನಿಯರ್ ವಿಲಿಯಮ್ಸರ 1899ರ ಸಂಸ್ಕೃತ ನಿಘಂಟು ಇದನ್ನು ಗ್ರೀಕಿನಿಂದ ಪಡೆದ ಶಬ್ದವೆಂದೇ ಗುರುತಿಸಿದೆ.

ನಿಘಂಟನ್ನು ನಂಬದವರು ಮನೆಯಲ್ಲಿರುವ ಜಾತಕವನ್ನೇ ಬಿಡಿಸಿ ನೋಡಬಹುದು. ಲಗ್ನದಿಂದ (ಹುಟ್ಟಿದ ಹೊತ್ತಿಗೆ ಮೂಡುತ್ತಿದ್ದ ರಾಶಿಯಿಂದ) ಎಣಿಸಿದರೆ ಸಿಗುವ 1, 4, 7 ಮತ್ತು 10ನೆಯ ಮನೆಗಳನ್ನು ಜೋಯಿಸರು ಕೇಂದ್ರಸ್ಥಾನಗಳೆನ್ನುತ್ತಾರೆ. ‘ಕೇಂದ್ರ’ವೆಂದರೆ ಮೊದಲಿಂದಲೂ ನಡು ಎಂದೇ ಆಗಿದ್ದರೆ ಒಂದು ಕುಂಡಲಿಗೆ ನಾಲ್ಕು ನಡುಗಳು, ಅವೂ ಅಂಚಿನಲ್ಲಿ, ಹೇಗೆ ಬಂದವು? ಉದಯ, ಅಸ್ತ, ನೆತ್ತಿಯ ಮೇಲು, ನೆಲದ ಕೆಳಗು ಎಂಬ ನಾಲ್ಕು ಆಧಾರಬಿಂದುಗಳನ್ನು ಗ್ರೀಕ್ ಜ್ಯೋತಿಷಿಗಳು ‘ಕೆಂಟ್ರ’ (ಇದು ಬಹುವಚನ) ಎನ್ನುತ್ತಿದ್ದರು. ನಾವು ಲೆಕ್ಕವನ್ನೂ ಹೆಸರನ್ನೂ ಒಟ್ಟಿಗೇ ತೆಗೆದುಕೊಂಡೆವು. ನಡುವಿಗೆ ಸಂಸ್ಕೃತದಲ್ಲಿ ಮಧ್ಯ, ನಾಭಿ ಎಂಬ ಶಬ್ದಗಳು ಮೊದಲೇ ಇದ್ದವು.

ಇದನ್ನು ಒಪ್ಪಿಕೊಳ್ಳಲು ನಮಗಿರುವ ಸಂಕೋಚ ಆರನೆಯ ಶತಮಾನದ ಜ್ಯೋತಿಷಿ ವರಾಹಮಿಹಿರನಿಗೆ ಇರಲಿಲ್ಲ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಸಿರುವುದರಿಂದ ಅವರೂ ಋಷಿಗಳಂತೆ ಪೂಜ್ಯರೆಂದು ಆತ ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆ. ‘ಹೊತ್ತು’ ಎಂಬರ್ಥದ ಗ್ರೀಕಿನ ‘ಹೋರಾ’ ಶಬ್ದವನ್ನು ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರ ಕಳೆದು ಬಂದದ್ದೆಂದು ವಿವರಿಸುವವರು ಅವನ ಕಾಲಕ್ಕಾಗಲೇ ಇದ್ದರೆಂಬುದೂ ಅವನದೇ ಬೃಹಜ್ಜಾತಕದಿಂದ ತಿಳಿಯುತ್ತದೆ, ನಿಮ್ಮ ಓದುಗರು ಆ ಹಳೆಯ ಪರಂಪರೆಗೇ ಸೇರಿದವರು.

ಅಂದಹಾಗೆ, ಮದುವೆಯ ಮಾತುಕತೆಯಲ್ಲಿ ಎಲ್ಲರೂ ಮೊದಲು ನೋಡುವ ಏಳನೆಯ ಮನೆಗೆ ‘ಜಾಮಿತ್ರ’ವೆಂಬ ಹೆಸರಿದೆ. ಅದು ಗ್ರೀಕಿನ ‘ಡಯಾಮೆಟ್ರೋಸ್’, ಅಂದರೆ ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದ ವೃತ್ತದ ವ್ಯಾಸ.

– ನಿವೃತ್ತ ಗಣಿತ ಅಧ್ಯಾಪಕ, ಶಿವಮೊಗ್ಗ