ಅಭಿಪ್ರಾಯ ಇತ್ತಂತೆ, ಹೇಳಲಿಲ್ಲವಂತೆ

ಪ್ರೀತಿಯ ಪ್ರದೀಪನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಚೆನ್ನೈ ಅಕಾಡೆಮಿಗೆ ಸೇರಿದ ಮೇಲೆ ನಿಮ್ಮಮ್ಮನ ಬಾಯಲ್ಲಿ ಬರೀ ಅಲ್ಲಿನ ಬಿಸಿಲಿನ ಸುದ್ದಿ.

ಮೊನ್ನೆ ಫೋನಿನಲ್ಲಿ ನೀನೊಂದು ಮಾತು ಹೇಳಿದೆ. "ಮೇಲೆ ಯಾರೇ ಇರಲಿ ದೊಡ್ಡಪ್ಪ, ಕೊಟ್ಟ ಕೆಲಸ ಅಚ್ಚುಕಟ್ಟಾಗಿ ಮಾಡಿದರೆ ಸೈನಿಕನ ಜವಾಬ್ದಾರಿ ಮುಗೀತು" ಅಂತ. ಸೈನಿಕ ರಾಜಕೀಯಕ್ಕೆ ಕೈ ಹಾಕಬಾರದು, ಅಷ್ಟು ನಾನೂ ಒಪ್ಪುತ್ತೇನೆ. ಮುಗೀತು ಅಂದೆಯಲ್ಲ, ಅಲ್ಲಿ ನನ್ನ ತಕರಾರು. ಇತಿಹಾಸ ಪಾಠ ಮಾಡಿದವರ ಚಾಳಿ ನಿನಗೆ ಗೊತ್ತೇ ಇದೆ. ಒಬ್ಬ ಜರ್ಮನ್ ಜನರಲ್‌ನ ಕಥೆ ಹೇಳುತ್ತೇನೆ, ತಾಳ್ಮೆಯಿಂದ ಓದು.

ರೊಮೆಲ್ ಅಲ್ಲ. ಅವನ ಬಗ್ಗೆ ಎಲ್ಲರೂ ಓದುತ್ತಾರೆ. ನಾನು ಹೇಳುತ್ತಿರುವುದು ಅಡಾಲ್ಫ್ ಹಾಯ್ಸಿಂಗರ್ ಎಂಬಾತನ ಬಗ್ಗೆ. ಹುಟ್ಟಿದ್ದು 1897ರಲ್ಲಿ. 1915ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ಜರ್ಮನ್ ಚಕ್ರವರ್ತಿ ಕೈಸರ್‌ನ ಸೈನ್ಯ ಸೇರಿದ. ಗಾಯಗೊಂಡ, 1917ರಲ್ಲಿ ಬ್ರಿಟಿಷರ ಕೈಗೆ ಸೆರೆ ಸಿಕ್ಕ. ಬಿಡುಗಡೆಯಾಗಿ ಊರಿಗೆ ಬರುವಷ್ಟರಲ್ಲಿ ಕೈಸರ್ ಹಾಲೆಂಡಿಗೆ ಓಡಿಹೋಗಿದ್ದ, ದೇಶ ಗಣರಾಜ್ಯವಾಗಿತ್ತು. ಯುದ್ಧ ಸೋತ ಮೇಲೆ ಆದ ವರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿ 1 ಲಕ್ಷಕ್ಕಿಂತ ಜಾಸ್ತಿ ಸೈನಿಕರನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಸಾವಿರಾರು ಅಧಿಕಾರಿಗಳು ಮನೆಗೆ ಹೋದರು. ಇವನು ಉಳಿದ. ಬುದ್ಧಿವಂತ, ಶಾಂತ ಸ್ವಭಾವ, ಲೆಕ್ಕಾಚಾರದಲ್ಲಿ ಗಟ್ಟಿಗ. ಅಂಥವರು ಯಾವ ಸರ್ಕಾರಕ್ಕೂ ಬೇಕು.

ಆ ಗಣರಾಜ್ಯದಲ್ಲಿ ಸೈನಿಕರ ಪ್ರಮಾಣ ಸಂವಿಧಾನಕ್ಕೆ. 1934ರ ಆಗಸ್ಟ್ 2ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ಸತ್ತ. ಅವತ್ತೇ ಪ್ರಮಾಣದ ಮಾತು ಬದಲಾಯಿತು. ಸಂವಿಧಾನವೂ ಇಲ್ಲ, ದೇಶವೂ ಇಲ್ಲ. ಹೆಸರು ಹಿಡಿದು ಅಡಾಲ್ಫ್ ಹಿಟ್ಲರ್‌ಗೆ ಬೇಷರತ್ ವಿಧೇಯತೆ. ಇಡೀ ಸೈನ್ಯ ಕೈ ಎತ್ತಿ ಹೇಳಿತು. ಒಂದು ಮಧ್ಯಾಹ್ನದ ಕೆಲಸ ಅಷ್ಟೆ. ಆಮೇಲೆ ಹತ್ತು ವರ್ಷ ಅದೇ ನೆಪ: "ಏನು ಮಾಡೋಣ, ಪ್ರಮಾಣ ಮಾಡಿದ್ದೇವಲ್ಲ."

1940ರ ಅಕ್ಟೋಬರ್‌ನಿಂದ ಹಾಯ್ಸಿಂಗರ್ ಭೂಸೇನೆಯ ಕಾರ್ಯಾಚರಣೆ ವಿಭಾಗದ ಮುಖ್ಯಸ್ಥ. ಮುಂದಿನ ವರ್ಷ ರಷ್ಯಾದ ಮೇಲೆ ನಡೆದ ದಾಳಿಯ ಯೋಜನೆಯಲ್ಲಿ ಅವನ ಕೈಯಿತ್ತು. ಪೂರ್ವದಲ್ಲಿ ಗೆರಿಲ್ಲಾಗಳನ್ನು ಹತ್ತಿಕ್ಕುವ ಹೆಸರಿನಲ್ಲಿ ಹಳ್ಳಿಗೆ ಹಳ್ಳಿಯೇ ಸುಟ್ಟರು. ಗಂಡಸು, ಹೆಂಗಸು, ಮಕ್ಕಳು ಅಂತ ನೋಡಲಿಲ್ಲ. ಅದಕ್ಕೆ ಸಂಬಂಧಪಟ್ಟ ಕಾಗದಪತ್ರಗಳು ಅವನ ವಿಭಾಗಕ್ಕೆ ಹೊಸವೇನಲ್ಲ.

1944ರ ಜುಲೈ 20. ಪೂರ್ವ ಪ್ರಷ್ಯಾದ ಕೇಂದ್ರ ಕಚೇರಿಯಲ್ಲಿ ಹಿಟ್ಲರ್ ನಕ್ಷೆಯ ಮೇಲೆ ಬಾಗಿ ನಿಂತಿದ್ದ. ಪಕ್ಕದಲ್ಲೇ ಹಾಯ್ಸಿಂಗರ್, ಪೂರ್ವ ರಣರಂಗದ ವರದಿ ಒಪ್ಪಿಸುತ್ತಿದ್ದ. ಹಿಟ್ಲರ್‌ನನ್ನು ಕೊಲ್ಲಲು ಸಂಚು ಹೂಡಿದ್ದ ಸೇನಾಧಿಕಾರಿ ಸ್ಟೌಫೆನ್‌ಬರ್ಗ್ ಮೇಜಿನ ಕೆಳಗೆ ಬಾಂಬ್ ಇದ್ದ ಬ್ಯಾಗ್ ಇಟ್ಟು, ಫೋನ್ ಇದೆ ಅಂತ ಹೊರಗೆ ಹೋದ. ಬ್ಯಾಗ್ ಕಾಲಿಗೆ ಅಡ್ಡ ಬರುತ್ತಿದೆ ಎಂದು ಹಾಯ್ಸಿಂಗರ್‌ನ ಸಹಾಯಕ ಕರ್ನಲ್ ಬ್ರಾಂಟ್ ಅದನ್ನು ಮೇಜಿನ ದಪ್ಪ ಆಧಾರದ ಆಚೆಗೆ ಸರಿಸಿದನಂತೆ. ಬಾಂಬ್ ಸಿಡಿಯಿತು. ಬ್ರಾಂಟ್ ಸತ್ತ, ಹಿಟ್ಲರ್ ಬದುಕಿದ. ಗಾಯಗೊಂಡ ಹಾಯ್ಸಿಂಗರ್‌ನನ್ನು ಸಂಚಿನ ಅನುಮಾನದ ಮೇಲೆ ಹಿಟ್ಲರ್‌ನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಹಿಡಿದುಕೊಂಡು ಹೋಯಿತು. ಏನೂ ಸಿಗದೆ ಆಮೇಲೆ ಬಿಟ್ಟಿತು.

ಇನ್ನು ನಾನು ಹೇಳಬೇಕೆಂದಿದ್ದ ವಿಷಯ. ಯುದ್ಧ ಮುಗಿದು, 1945ರ ಡಿಸೆಂಬರ್‌ನಲ್ಲಿ ಅಮೆರಿಕನ್ನರ ಸೆರೆಯಲ್ಲಿ ಕೂತು ಅವನೊಂದು ಹೇಳಿಕೆ ಕೊಟ್ಟ. ನಾಜಿ ನಾಯಕರ ಯುದ್ಧಾಪರಾಧಗಳ ಬಗ್ಗೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ಕಡತದಲ್ಲಿ ಇದೆ. ಜನರನ್ನು ನಡೆಸಿಕೊಂಡ ರೀತಿ, ಗೆರಿಲ್ಲಾಗಳ ಮೇಲಿನ ಯುದ್ಧದ ವಿಧಾನ, ಇವೆಲ್ಲ ರಷ್ಯನ್ನರಂಥ ಸ್ಲಾವ್ ಜನರನ್ನೂ ಯಹೂದಿಗಳನ್ನೂ ನಿರ್ನಾಮ ಮಾಡಲು ಮೇಲಿನವರಿಗೆ ಸಿಕ್ಕ ಒಳ್ಳೆ ಅವಕಾಶ ಎಂಬುದು ಮೊದಲಿಂದಲೂ ತನ್ನ ವೈಯಕ್ತಿಕ ಅಭಿಪ್ರಾಯವಾಗಿತ್ತು ಅಂತ ಹೇಳಿದ. ಜೊತೆಗೆ ಇನ್ನೊಂದು ಮಾತು: ಸೇನೆಯ ದೃಷ್ಟಿಯಿಂದ ಅದು ಹುಚ್ಚುತನ, ಯಾಕೆಂದರೆ ಹೋರಾಟ ಸುಮ್ನೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಮೊದಲಿಂದಲೂ ಅಭಿಪ್ರಾಯ ಇತ್ತಂತೆ ಮಗಾ! ಅಂದರೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿದಿನ ಬೆಳಿಗ್ಗೆ ನಕ್ಷೆ ಬಿಡಿಸಿ ವರದಿ ಒಪ್ಪಿಸಿದ. ಅಚ್ಚುಕಟ್ಟಾಗಿಯೇ ಒಪ್ಪಿಸಿರಬೇಕು. ನೀನು ಫೋನಿನಲ್ಲಿ ಹೇಳಿದ್ದು ಅದನ್ನೇ ಅಲ್ವಾ?

"ಬಾಯಿ ಬಿಟ್ಟಿದ್ದರೆ ಕೊಲ್ಲುತ್ತಿದ್ದರು" ಅಂತ ನೀನು ವಾದ ಮಾಡಬಹುದು. 1944ರಲ್ಲಿ ಹೌದು. ಆದರೆ ಲುಡ್ವಿಗ್ ಬೆಕ್‌ನನ್ನು ನೋಡು. ಭೂಸೇನೆಯ ಜನರಲ್ ಸ್ಟಾಫ್, ಅಂದರೆ ಯುದ್ಧ ಯೋಜನೆ ಮಾಡುವ ಅಧಿಕಾರಿಗಳ ತಂಡದ ಮುಖ್ಯಸ್ಥ. 1938ರಲ್ಲಿ ಜೆಕೊಸ್ಲೊವಾಕಿಯಾ ಮೇಲೆ ಯುದ್ಧ ಬೇಡ ಅಂತ ಒಂದರ ಮೇಲೊಂದು ಟಿಪ್ಪಣಿ ಬರೆದ. ಜನರಲ್‌ಗಳೆಲ್ಲ ಒಟ್ಟಿಗೆ ರಾಜೀನಾಮೆ ಕೊಡೋಣ ಎಂದ. ಯಾರೂ ಬರಲಿಲ್ಲ. ಆಗಸ್ಟ್‌ನಲ್ಲಿ ಒಬ್ಬನೇ ಬಿಟ್ಟುಹೋದ. ಅವನನ್ನು ಯಾರೂ ಕೊಲ್ಲಲಿಲ್ಲ, ಬರ್ಲಿನ್ನಿನ ಮನೆಯಲ್ಲಿ ಇದ್ದ. ಹೋಗಿದ್ದು ಕುರ್ಚಿ ಮಾತ್ರ. ಪ್ರಾಣ ಹೋಗಿದ್ದು ಆರು ವರ್ಷ ಆದಮೇಲೆ, ಜುಲೈ 20ರ ಸಂಚು ಕೈಕೊಟ್ಟ ರಾತ್ರಿ.

ಬೆಕ್ ದೇವರಲ್ಲ. 1933ರಲ್ಲಿ ಹಿಟ್ಲರ್ ಬಂದಾಗ ಅವನೂ ಖುಷಿಪಟ್ಟಿದ್ದ. 1934ರ ಪ್ರಮಾಣವನ್ನೂ ಮಾಡಿದ್ದ. ರಾಜೀನಾಮೆ ಗುಟ್ಟಾಗಿಡು ಎಂದು ಹಿಟ್ಲರ್ ಹೇಳಿದಾಗ ಒಪ್ಪಿಬಿಟ್ಟ. ಅಲ್ಲೇ ಅವನು ಎಡವಿದ್ದು ಅನ್ನಿಸುತ್ತೆ ನನಗೆ. ಜನಕ್ಕೆ ಗೊತ್ತಾಗದ ರಾಜೀನಾಮೆಯಿಂದ ಹಿಟ್ಲರ್‌ಗೆ ಏನು ನಷ್ಟ?

ಹಾಯ್ಸಿಂಗರ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಶೀತಲ ಸಮರ ಶುರುವಾಯಿತು, ಅಮೆರಿಕಕ್ಕೆ ಇಂಥವರು ಬೇಕಾದರು. 1955ರ ನವೆಂಬರ್ 12ರಂದು ಬಾನ್‌ನಲ್ಲಿ ಪಶ್ಚಿಮ ಜರ್ಮನಿಯ ಹೊಸ ಸೈನ್ಯದ ಮೊದಲ 101 ಜನರಿಗೆ ನೇಮಕ ಪತ್ರ ಕೊಟ್ಟರು. ಅವರಲ್ಲಿ ಜನರಲ್‌ಗಳು ಇಬ್ಬರು, ಹಾನ್ಸ್ ಸ್ಪೈಡೆಲ್ ಮತ್ತು ಇವನು. 1957ರಲ್ಲಿ ಆ ಸೈನ್ಯದ ಅತ್ಯುನ್ನತ ಹುದ್ದೆ, 1961ರಲ್ಲಿ ವಾಷಿಂಗ್ಟನ್ನಿನಲ್ಲಿ ನೇಟೋ ಸೇನಾ ಸಮಿತಿಯ ಅಧ್ಯಕ್ಷತೆ. ಅದೇ ವರ್ಷ ಸೋವಿಯತ್ ಒಕ್ಕೂಟ ಅವನನ್ನು ಯುದ್ಧಾಪರಾಧಿ ಎಂದು ಒಪ್ಪಿಸಲು ಕೇಳಿತು, ಅಮೆರಿಕ ಒಪ್ಪಲಿಲ್ಲ. ಹಾಸಿಗೆಯಲ್ಲೇ ಸತ್ತ, 1982ರಲ್ಲಿ.

ಅವನಿಗೆ ಸಲ್ಲಬೇಕಾದ ಒಂದು ಮಾತು ಹೇಳದಿದ್ದರೆ ಅನ್ಯಾಯ. 1959ರ ಜುಲೈ 20ರಂದು, ಹೊಸ ಸೈನ್ಯದಲ್ಲೂ ಅನೇಕರು ಸಂಚುಗಾರರನ್ನು ದ್ರೋಹಿಗಳೆಂದೇ ನೋಡುತ್ತಿದ್ದ ಕಾಲದಲ್ಲಿ, ತನ್ನನ್ನೇ ಗಾಯಗೊಳಿಸಿದ ಬಾಂಬ್ ಇಟ್ಟವರನ್ನು ಗೌರವಿಸಿ ಇಡೀ ಸೈನ್ಯಕ್ಕೆ ಆ ದಿನದ ಆದೇಶ ಹೊರಡಿಸಿದ. ಚಿಕ್ಕ ಕೆಲಸವಲ್ಲ ಅದು. ಆದರೆ ಆಗ ಅದನ್ನು ಹೇಳಿದ್ದಕ್ಕೆ ಯಾರೂ ಸೆರೆಮನೆಗೆ ಹಾಕುತ್ತಿರಲಿಲ್ಲ.

1956ರಲ್ಲಿ ಆ ಸೈನ್ಯಕ್ಕೆ ಮಾಡಿದ ಸೈನಿಕರ ಕಾನೂನಿನ 11ನೇ ಕಲಮು ಓದು. ಅಪರಾಧವಾಗುವಂಥ ಆದೇಶವನ್ನು ಸೈನಿಕ ಪಾಲಿಸಲೇಬಾರದು ಅಂತಿದೆ. ಪಾಲಿಸದಿದ್ದರೂ ನಡೆಯುತ್ತೆ ಅಂತಲ್ಲ, ಪಾಲಿಸಬಾರದು. ನಮ್ಮ 1950ರ ಸೇನಾ ಕಾಯ್ದೆಯ 41ನೇ ಕಲಮಿನಲ್ಲೂ ಶಿಕ್ಷೆ ಇರುವುದು ಕಾನೂನುಬದ್ಧ ಆದೇಶ ಮೀರಿದವನಿಗೆ. ನೀನು ನಿಷ್ಠೆಯ ಪ್ರಮಾಣ ಮಾಡುವುದೂ ಸಂವಿಧಾನಕ್ಕೆ, ಯಾವ ವ್ಯಕ್ತಿಯ ಹೆಸರಿಗೂ ಅಲ್ಲ. ಪೆರೇಡ್ ಗಡಿಬಿಡಿಯಲ್ಲಿ ಬಾಯಿಪಾಠ ಒಪ್ಪಿಸಬೇಡ. ಹಿಂದಿನ ರಾತ್ರಿ ಒಬ್ಬನೇ ಕೂತು ಓದಿಕೋ.

ಮೇಲಧಿಕಾರಿಗೆ ಎದುರು ಹೇಳುವ ಪ್ರಸಂಗ ಬಂದರೆ ಮೆಸ್‌ನಲ್ಲಿ ಗೊಣಗಬೇಡ. ಅವರ ಮುಂದೆಯೇ ಹೇಳು, ಮರ್ಯಾದೆಯಿಂದ. ಆಗದಿದ್ದರೆ ತಾರೀಖು ಹಾಕಿ ಬರೆದುಕೊಡು. ತಪ್ಪನ್ನು ತಪ್ಪು ಅಂತಲೇ ಬರೆ. "ಇದರಿಂದ ಕೆಲಸಕ್ಕೆ ತೊಂದರೆ" ಅಂತ ಹಾಯ್ಸಿಂಗರ್ ಹಾಗೆ ಸುತ್ತಿ ಬಳಸಬೇಡ. ಬಡ್ತಿ ಒಂದು ವರ್ಷ ತಡವಾದರೆ ನಿಮ್ಮಪ್ಪನನ್ನು ನಾನು ಸಮಾಧಾನ ಮಾಡುತ್ತೇನೆ.

ಬೆಕ್ ರಾಜೀನಾಮೆ ಕೊಟ್ಟಿದ್ದು ಸರಿಯೋ, ಒಳಗೇ ಇದ್ದು ಹೋರಾಡಬೇಕಿತ್ತೋ, ನಿನಗೆ ಏನನ್ನಿಸುತ್ತೆ ಬರೆ. ಫೋನಿನಲ್ಲಿ ಬೇಡ, ಕಾಗದದಲ್ಲೇ ಬರೆ.

ಇಂತಿ,
ನಿನ್ನ ದೊಡ್ಡಪ್ಪ