ಮಂಡಿ ಮಡಚಿದರಷ್ಟೇ ಸಾಲದು, ನೇರವೂ ಆಗಬೇಕು

ಮಾನ್ಯ ಸಂಪಾದಕರೇ,

ಮಂಡಿ ಕೀಲು ಬದಲಾವಣೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಆಪರೇಷನ್ ಥಿಯೇಟರಿನ ಒಳಗೇ ಸುತ್ತುತ್ತವೆ. ಯಾವ ಲೋಹ ಹಾಕುತ್ತಾರೆ, ರೋಬಾಟ್ ಇದೆಯೇ, ರೋಗಿಯನ್ನು ಎಷ್ಟು ಗಂಟೆಯೊಳಗೆ ನಡೆಸಿದರು ಎನ್ನುವುದೇ ಸುದ್ದಿ. ಅಲ್ಲಿ ನಡೆಯುವುದು ಒಂದೆರಡು ಗಂಟೆಯ ಕೆಲಸ. ತೊಡೆಮೂಳೆಯ ತುದಿಯನ್ನೂ ಅದರ ಕೆಳಗಿನ ಮೂಳೆಯ ತಲೆಯನ್ನೂ ಕೆಲವು ಮಿಲಿಮೀಟರುಗಳಷ್ಟು ಕತ್ತರಿಸಿ, ಲೋಹದ ಹೊದಿಕೆ ಕೂರಿಸಿ, ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತುಂಡು ಇಡುತ್ತಾರೆ. ಹೀಗೆ ಕೂರಿಸಿದ ಕೀಲುಗಳಲ್ಲಿ 10ಕ್ಕೆ 8 ಸುಮಾರು 25 ವರ್ಷ ಬಾಳುತ್ತವೆ. ಇಷ್ಟಾದರೂ ಹೆಚ್ಚುಕಡಿಮೆ 5ರಲ್ಲಿ ಒಬ್ಬರು ಫಲಿತಾಂಶದಿಂದ ಸಮಾಧಾನಗೊಂಡಿರುವುದಿಲ್ಲ. ಕಾರಣಗಳು ಹಲವು. ಮನೆಯಲ್ಲೇ ತಡೆಯಬಹುದಾದ ಒಂದು ಕಾರಣವಿದೆ, ಅದರ ಬಗ್ಗೆ ಯಾರೂ ಬರೆಯುತ್ತಿಲ್ಲ. ಮಂಡಿ ಪೂರ್ತಿ ನೇರವಾಗದೆ ಉಳಿದುಬಿಡುವುದು.

ಆಪರೇಷನ್ ಆದವರನ್ನು ನೋಡಲು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘90 ಡಿಗ್ರಿ ಬಂತಾ?’ ಅದು ಮಡಚುವ ಕೋನ. ಸೊನ್ನೆ ಬಂತಾ, ಅಂದರೆ ಮಂಡಿ ಪೂರ್ತಿ ನೇರವಾಯಿತಾ ಎಂದು ಕೇಳುವವರಿಲ್ಲ. ಮಂಡಿ ನೇರವಾಗಿದ್ದಾಗ ನಿಲ್ಲಲು ತೊಡೆಯ ಮುಂಭಾಗದ ಸ್ನಾಯು ಹೆಚ್ಚು ದುಡಿಯಬೇಕಾಗಿಲ್ಲ. ಹತ್ತು ಹದಿನೈದು ಡಿಗ್ರಿ ಬಾಗಿದ ಮಂಡಿಯಲ್ಲಿ ಸುಮ್ಮನೆ ನಿಂತರೂ ಆ ಸ್ನಾಯುವಿಗೆ ಬಿಡುವಿಲ್ಲ. ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾದಂತೆ ವರ್ತಿಸುತ್ತದೆ, ನಡಿಗೆ ಕುಂಟುತ್ತದೆ, ಮಂಡಿಯ ಮುಂಭಾಗ ಮತ್ತು ಸೊಂಟ ನೋಯತೊಡಗುತ್ತವೆ. ಮಡಚುವ ಪ್ರಮಾಣ ತಿಂಗಳುಗಟ್ಟಲೆ ನಿಧಾನವಾಗಿ ಏರುತ್ತಾ ಹೋಗಬಹುದು. ನೇರವಾಗುವುದು ಮಾತ್ರ ಮೊದಲ ಕೆಲವು ವಾರಗಳಲ್ಲಿ ಕೈತಪ್ಪಿದರೆ ಮರಳಿ ಪಡೆಯುವುದು ಬಹಳ ಕಷ್ಟ.

ಕೈತಪ್ಪುವುದು ಹೆಚ್ಚಿನ ಸಲ ಒಂದು ದಿಂಬಿನಿಂದ. ಊದಿಕೊಂಡ ಕೀಲಿನೊಳಗೆ ದ್ರವ ತುಂಬಿರುತ್ತದೆ, ಮಂಡಿ ಸ್ವಲ್ಪ ಬಾಗಿದಾಗ ಒಳಗಿನ ಒತ್ತಡ ಇಳಿದು ಹಾಯೆನಿಸುತ್ತದೆ. ಹಾಗಾಗಿ ಮನೆಯವರು ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬು ಇಡುತ್ತಾರೆ, ರೋಗಿ ರಾತ್ರಿಯಿಡೀ ಹಾಗೇ ಮಲಗುತ್ತಾರೆ. ಗಾಯ ಮಾಗುವಾಗ ಹುಟ್ಟುವ ನಾರುಪದರ ಆ ಬಾಗಿದ ಭಂಗಿಯಲ್ಲೇ ಗಟ್ಟಿಯಾಗುತ್ತದೆ. ದಿಂಬು ಬೇಕಿದ್ದರೆ ಹಿಮ್ಮಡಿಯ ಕೆಳಗೆ ಬರಲಿ. ಟವೆಲ್ ಸುತ್ತಿ ಹಿಮ್ಮಡಿಗೆ ಕೊಟ್ಟು, ಮಂಡಿಯ ಹಿಂಭಾಗ ಗಾಳಿಯಲ್ಲಿ ಇರುವಂತೆ, ಕಾಲ್ಬೆರಳು ಚಾವಣಿ ನೋಡುವಂತೆ 10-15 ನಿಮಿಷ ಬಿಡಿ. ದಿನಕ್ಕೆ ನಾಲ್ಕೈದು ಸಲ. ಕಾಲು ಹೊರಕ್ಕೆ ವಾಲಿದರೆ ಮಂಡಿ ಮೆಲ್ಲಗೆ ಬಾಗಿಬಿಡುತ್ತದೆ, ಪಾದದ ಹೊರಬದಿಗೆ ಇನ್ನೊಂದು ಟವೆಲ್ ಒತ್ತುಕೊಡಿ. ಪರೀಕ್ಷೆಗೆ ಕೋನಮಾಪಕ ಬೇಕಿಲ್ಲ. ಟವೆಲ್ ತೆಗೆದು, ಗಟ್ಟಿ ಹಾಸಿಗೆಯ ಮೇಲೆ ಕಾಲು ಚಾಚಿ, ಮಂಡಿಯ ಹಿಂದೆ ಅಂಗೈ ತೂರಿಸಿ ನೋಡಿ. ಮಂಡಿಯನ್ನು ಕೆಳಕ್ಕೆ ಒತ್ತಿದಾಗ ಕೈ ಹಿಡಿದಂತಾದರೆ ಸರಿಯಾಗಿದೆ. ಒತ್ತಿದರೂ ಕೈ ಸಲೀಸಾಗಿ ಆಚೀಚೆ ಆಡುತ್ತಿದ್ದರೆ ಫಿಸಿಯೊಥೆರಪಿಸ್ಟರಿಗೆ ಅದೇ ದಿನ ತಿಳಿಸಿ.

ತಯಾರಿಯೂ ಇಲ್ಲಿಂದಲೇ ಶುರುವಾಗಬೇಕು. ಆಪರೇಷನ್ನಿಗೆ ಮೊದಲು ಮಂಡಿ ಎಷ್ಟು ಆಡುತ್ತಿತ್ತೋ ಆಮೇಲೂ ಹೆಚ್ಚುಕಡಿಮೆ ಅಷ್ಟೇ ಆಡುತ್ತದೆ. ವರ್ಷಗಟ್ಟಲೆ 80ಕ್ಕೆ ನಿಂತಿದ್ದ ಮಂಡಿ ಲೋಹ ಬಂದ ಮಾತ್ರಕ್ಕೆ 130 ಮಡಚುವುದಿಲ್ಲ. ಆಪರೇಷನ್ನಿನ ದಿನಕ್ಕೆ ಮುಂಚಿನ ಆರೆಂಟು ವಾರಗಳಲ್ಲಿ ಕಾಲು ಚಾಚಿ ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು, ನೇರ ಕಾಲನ್ನು ಒಂದಡಿ ಎತ್ತಿ ಇಳಿಸುವುದು, ಹಿಮ್ಮಡಿಯನ್ನು ಜಾರಿಸುತ್ತಾ ಮಡಚುವುದು, ಕುರ್ಚಿಯಿಂದ ಎದ್ದು ಕೂರುವುದು, ಇವನ್ನು ಹತ್ತತ್ತು ಸಲದಂತೆ ದಿನಕ್ಕೆ ಎರಡು ಮೂರು ಬಾರಿ ಮಾಡಬಹುದು. ಜೊತೆಗೆ ಕುರ್ಚಿಯ ಕೈಗಳನ್ನು ಒತ್ತಿ ಮೈ ಎತ್ತುವುದನ್ನೂ ಕಲಿಯಿರಿ. ಮೊದಲ ವಾರ ವಾಕರ್ ಮೇಲೆ ಭಾರ ಹೊರುವುದು ತೋಳುಗಳು, ಅದನ್ನು ನೆನೆಯುವವರು ಕಡಿಮೆ.

ಕೀಲಿನ ಸೋಂಕು ನೂರರಲ್ಲಿ ಒಬ್ಬಿಬ್ಬರಿಗೆ ಬರುವ ತೊಂದರೆ. ಬಂದರೆ ಮಾತ್ರ ಮತ್ತೆ ಮತ್ತೆ ಆಪರೇಷನ್. ಅದಕ್ಕೇ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ 7.5-8ರ ಒಳಗೆ ಬರುವವರೆಗೆ ಅನೇಕ ಶಸ್ತ್ರಚಿಕಿತ್ಸಕರು ಕಾಯಿಸುತ್ತಾರೆ. ಇದನ್ನು ಅಡ್ಡಿ ಎಂದು ತಿಳಿಯಬೇಡಿ. ಹುಳುಕು ಹಲ್ಲು, ವಸಡಿನ ಕೀವು, ಉರಿಮೂತ್ರ, ಕಾಲ್ಬೆರಳ ಸಂದಿನ ಹುಣ್ಣು, ಕಾಲಿನ ಮೇಲಿನ ಚಿಕ್ಕ ಗಾಯ, ಎಲ್ಲವನ್ನೂ ಮೊದಲೇ ಹೇಳಿ ವಾಸಿಮಾಡಿಕೊಳ್ಳಬೇಕು. ಮಂಡಿಯೊಳಗೆ ಸ್ಟಿರಾಯ್ಡ್ ಚುಚ್ಚುಮದ್ದು ತೆಗೆದುಕೊಂಡಿದ್ದರೆ ಸಾಮಾನ್ಯವಾಗಿ 3 ತಿಂಗಳು ಬಿಟ್ಟು ಆಪರೇಷನ್ ಮಾಡುತ್ತಾರೆ. ಕಾಲಿನ ಕೂದಲನ್ನು ಮನೆಯಲ್ಲಿ ರೇಜರಿನಿಂದ ಬೋಳಿಸಿಕೊಂಡು ಹೋಗುವುದು ಬೇಡವೇ ಬೇಡ. ಕಣ್ಣಿಗೆ ಕಾಣದ ಗೀರುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಧೂಮಪಾನ ಕನಿಷ್ಠ 4-6 ವಾರ ಮೊದಲೇ ನಿಲ್ಲಬೇಕು. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆ ಕೆಲಸ ಮಾಡಲು ವಾರಗಳೇ ಬೇಕು, ಆದ್ದರಿಂದ ರಕ್ತಪರೀಕ್ಷೆ ಕೊನೆಯ ವಾರಕ್ಕೆ ಉಳಿಯಬಾರದು.

ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಅರಿವಳಿಕೆ ವೈದ್ಯರ ಮುಂದೆ ಸುರಿಯಿರಿ. ಕ್ಲೊಪಿಡೊಗ್ರೆಲ್, ವಾರ್ಫರಿನ್ ತರಹದ ರಕ್ತ ತೆಳುವಾಗಿಸುವ ಔಷಧಗಳನ್ನು ಸಾಮಾನ್ಯವಾಗಿ 5-7 ದಿನ ಮೊದಲು ನಿಲ್ಲಿಸುತ್ತಾರೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದ್ರೋಗ ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರು ಅದನ್ನು ಹೆಸರು ಹಿಡಿದು ಹೇಳಲೇಬೇಕು. ಉಪವಾಸದ ಹೊತ್ತಿನಲ್ಲಿ ಅವು ರಕ್ತವನ್ನು ಆಮ್ಲೀಯಗೊಳಿಸಬಲ್ಲವು, ಸಕ್ಕರೆಯ ಅಂಕಿ ಮಾತ್ರ ಸರಿಯಾಗೇ ಕಾಣುತ್ತಿರುತ್ತದೆ. ಹಾಗಾಗಿ ಅವನ್ನು 3 ದಿನ ಮೊದಲೇ ಬಿಡಿಸುತ್ತಾರೆ.

ಮನೆಯ ತಯಾರಿ ಒಂದು ಮಧ್ಯಾಹ್ನದ ಕೆಲಸ. ಎರಡೂ ಕಡೆ ಕೈಗಳಿರುವ, 45-50 ಸೆಂ.ಮೀ. ಎತ್ತರದ ಗಟ್ಟಿ ಕುರ್ಚಿ, ಎತ್ತರಿಸಿದ ಕಮೋಡ್, ಪಕ್ಕದಲ್ಲಿ ಹಿಡಿಕೆ. ಜಾರುವ ಚಾಪೆ, ಕಾಲಿಗೆ ತೊಡರುವ ವೈರು ಹೊರಗೆ. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ದೀಪ. ಸೋಫಾ ಬೇಡ, ಹೂತುಹೋದರೆ ಏಳಲಾಗದು. ವಾಕರಿನ ಎತ್ತರವನ್ನು ಮನೆಯಲ್ಲಿ ತೊಡುವ ಚಪ್ಪಲಿ ಹಾಕಿಕೊಂಡೇ ಹೊಂದಿಸಿ. ಕೈ ಸಡಿಲ ಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಹಿಡಿಕೆ ಬರಬೇಕು. ಎತ್ತರ ಹೆಚ್ಚಾದರೆ ಭುಜ ಸೆಟೆದುಕೊಳ್ಳುತ್ತದೆ, ಕಡಿಮೆಯಾದರೆ ಬೆನ್ನು ಬಗ್ಗುತ್ತದೆ, ಬೆನ್ನು ಬಗ್ಗಿದವರ ಮಂಡಿಯೂ ಬಾಗಿಯೇ ಇರುತ್ತದೆ.

ಆಪರೇಷನ್ನಿನ ದಿನ ಅಥವಾ ಮರುದಿನ ನಿಲ್ಲಿಸಿ ನಡೆಸುತ್ತಾರೆ. ನೋವಿಲ್ಲ ಎಂಬ ಧೈರ್ಯದಲ್ಲಿ ಒಬ್ಬರೇ ಶೌಚಾಲಯಕ್ಕೆ ಹೊರಡುವುದು ಅಪಾಯ. ನೋವಿಲ್ಲದಿರುವುದು ನರಕ್ಕೆ ಕೊಟ್ಟ ಮದ್ದಿನಿಂದ, ಅದೇ ಮದ್ದು ತೊಡೆಯ ಬಲವನ್ನೂ ಕಸಿದಿರಬಹುದು. ಮಲಗಿದಲ್ಲೇ ಕಾಲನ್ನು ನೇರವಾಗಿ ಎತ್ತಲು ಆಗದಿದ್ದರೆ ಪಕ್ಕದಲ್ಲಿ ಒಬ್ಬರಿಲ್ಲದೆ ನಿಲ್ಲಬಾರದು. ಪಾದವನ್ನು ಮೇಲೆ ಕೆಳಗೆ ಆಡಿಸುವುದನ್ನು ಎಚ್ಚರವಿದ್ದಾಗೆಲ್ಲ ಮಾಡುತ್ತಿರಿ, ಮೀನಖಂಡದಲ್ಲಿ ರಕ್ತ ನಿಲ್ಲದಿರಲು. ಹೆಪ್ಪುಗಟ್ಟದಂತೆ ಕೊಡುವ ಔಷಧ ಮನೆಗೆ ಬಂದ ಮೇಲೂ 2ರಿಂದ 5 ವಾರ ಇರುತ್ತದೆ, ನಡೆಯುತ್ತಿದ್ದೇವಲ್ಲ ಎಂದು ನಡುವೆ ಬಿಡುವಂತಿಲ್ಲ.

ಮನೆಗೆ ಬಂದ ಮೊದಲ ಎರಡು ವಾರ ನಿಜಕ್ಕೂ ಕಷ್ಟದವು. ಆಸ್ಪತ್ರೆಯಲ್ಲಿ ಚೆನ್ನಾಗಿದ್ದವರು ಮೂರನೆಯದೋ ನಾಲ್ಕನೆಯದೋ ದಿನ ನೋವು, ಊತ ಹೆಚ್ಚಾಗಿ ಗಾಬರಿಯಾಗುತ್ತಾರೆ. ಮದ್ದಿನ ಪ್ರಭಾವ ಇಳಿದಿರುತ್ತದೆ, ಊತ ಏರುತ್ತಿರುತ್ತದೆ, ಒಳಗೆ ಸೋರಿದ ರಕ್ತ ಇಳಿದು ಮೀನಖಂಡ, ಪಾದದವರೆಗೆ ಕಪ್ಪು ನೀಲಿ ಕಾಣುತ್ತದೆ. ನೋವಿನ ಮಾತ್ರೆಯನ್ನು ನೋವು ತಡೆಯಲಾಗದ ಮೇಲೆ ನುಂಗುವುದು ತಪ್ಪು ಲೆಕ್ಕ. ಬರೆದುಕೊಟ್ಟ ಹೊತ್ತಿಗೆ, ಅದರಲ್ಲೂ ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು, ಸಣ್ಣ ಮೈಯವರಿಗೆ ಮತ್ತು ಯಕೃತ್ತಿನ ತೊಂದರೆಯವರಿಗೆ ಇನ್ನೂ ಕಡಿಮೆ. ಟ್ರಮಡಾಲ್ ಜೊತೆ ಸೇರಿದ ಮಾತ್ರೆ, ನೆಗಡಿ ಮಾತ್ರೆ, ಇವುಗಳ ಒಳಗೂ ಪ್ಯಾರಾಸಿಟಮಾಲ್ ಇರುತ್ತದೆ ಎನ್ನುವುದು ಮರೆತುಹೋಗಿ ಲೆಕ್ಕ ತಪ್ಪುತ್ತದೆ. ಟ್ರಮಡಾಲ್ ತರಹದವು ಮಲಬದ್ಧತೆ ತರುತ್ತವೆ, ಅದಕ್ಕೂ ಮೊದಲ ದಿನದಿಂದಲೇ ಔಷಧ ಕೇಳಿ.

ಊತವನ್ನು ಬರೀ ಅಸೌಖ್ಯ ಎಂದು ನೋಡಬಾರದು. ಕೀಲಿನೊಳಗೆ ದ್ರವ ತುಂಬಿದಾಗ ಬೆನ್ನುಹುರಿಯ ಮಟ್ಟದಲ್ಲೇ ತೊಡೆಯ ಸ್ನಾಯುವಿಗೆ ತಡೆ ಬೀಳುತ್ತದೆ, ರೋಗಿ ಎಷ್ಟು ಪ್ರಯತ್ನಪಟ್ಟರೂ ಸ್ನಾಯು ಬಿಗಿಯಾಗುವುದಿಲ್ಲ. ಮೊದಲ ತಿಂಗಳಲ್ಲಿ ಆ ಸ್ನಾಯುವಿನ ಬಲ ಅರ್ಧಕ್ಕರ್ಧ ಇಳಿದುಹೋಗುವುದಕ್ಕೆ ಇದು ಮುಖ್ಯ ಕಾರಣ. ಹಾಗಾಗಿ ಐಸ್ ಚೀಲವನ್ನು ಬಟ್ಟೆ ಸುತ್ತಿ 15-20 ನಿಮಿಷ, ದಿನಕ್ಕೆ ನಾಲ್ಕೈದು ಸಲ ಇಡಬೇಕು. ಮಲಗಿ ಇಡೀ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಬೇಕು, ಮಂಡಿ ನೇರವಾಗಿರುವಂತೆಯೇ. ಸ್ಟೂಲಿನ ಮೇಲೆ ಪಾದ ಇಟ್ಟು ಕೂತರೆ ಊತ ಇಳಿಯುವುದಿಲ್ಲ. ಉತ್ಸಾಹಿಗಳು ಮಾಡುವ ಎಡವಟ್ಟು ಇದಕ್ಕೆ ಉಲ್ಟಾ: ಎರಡನೇ ವಾರದಲ್ಲೇ ಹೆಜ್ಜೆ ಎಣಿಸುತ್ತಾ ಅರ್ಧ ಗಂಟೆ ನಡೆಯುವುದು. ಸಂಜೆಗೆ ಮಂಡಿ ನೀರು ತುಂಬಿದ ಬಲೂನಿನಂತಾಗಿ ಮರುದಿನದ ವ್ಯಾಯಾಮ ನಿಂತುಹೋಗುತ್ತದೆ. ಗಂಟೆಗೊಮ್ಮೆ ಐದು ನಿಮಿಷ ಓಡಾಡಿದರೆ ಸಾಕು. ಬೆಳಿಗ್ಗೆ ಎದ್ದಾಗ ನಿನ್ನೆಗಿಂತ ಊತ ಹೆಚ್ಚಿದ್ದರೆ ಆ ದಿನ ನಡಿಗೆ ಕಡಿಮೆ ಮಾಡಿ, ನೇರ ಮಾಡುವ ವ್ಯಾಯಾಮ ಬಿಡಬೇಡಿ.

ಮಡಚುವುದರ ಲೆಕ್ಕವನ್ನೂ ಹೇಳಬೇಕಲ್ಲ. ಸಮತಟ್ಟಿನಲ್ಲಿ ನಡೆಯಲು ಸುಮಾರು 65-70 ಡಿಗ್ರಿ, ಮೆಟ್ಟಿಲಿಗೆ 90ರ ಆಸುಪಾಸು, ಕುರ್ಚಿಯಿಂದ ಏಳಲು 95-105 ಬೇಕು. ಎರಡು ಮೂರು ವಾರಕ್ಕೆ 90, ಮೂರು ತಿಂಗಳಿಗೆ 110-120 ಎನ್ನುವುದು ಸಾಮಾನ್ಯ ಗುರಿ. ಆರು ವಾರ ಕಳೆದರೂ 90 ದಾಟದಿದ್ದರೆ ಶಸ್ತ್ರಚಿಕಿತ್ಸಕರ ಬಳಿ ಹೋಗಬೇಕು. ಅರಿವಳಿಕೆ ಕೊಟ್ಟು ಮಂಡಿ ಬಗ್ಗಿಸಿ ಒಳಗಿನ ಅಂಟುಗಳನ್ನು ಬಿಡಿಸುವ ಉಪಾಯವಿದೆ, ಅದು 12 ವಾರದೊಳಗೆ ಮಾಡಿದರೆ ಹೆಚ್ಚು ಫಲ ಕೊಡುತ್ತದೆ. ಮನೆಯವರು ಕಾಲು ಹಿಡಿದು ಬಲವಂತವಾಗಿ ಮಡಚುವುದು ಮಾತ್ರ ಬೇಡ. ನೋವಿಗೆ ಸ್ನಾಯು ಸೆಟೆದುಕೊಳ್ಳುತ್ತದೆ, ಊತ ಏರುತ್ತದೆ, ಇದ್ದ ಕೋನವೂ ಹೋಗುತ್ತದೆ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಊರುಗೋಲು ಆಪರೇಷನ್ ಆದ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು.

ಹೊಲಿಗೆ ಅಥವಾ ಸ್ಟೇಪಲ್ ತೆಗೆಯುವುದು 10-14ನೇ ದಿನ. ಅಲ್ಲಿಯವರೆಗೆ ಗಾಯಕ್ಕೆ ಎಣ್ಣೆ, ಮುಲಾಮು ಏನೂ ಬೇಡ. ಮೀನಖಂಡದಲ್ಲಿ ಹೊಸದಾಗಿ ನೋವು, ಗಟ್ಟಿ ಊತ ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಏಕಾಏಕಿ ಉಸಿರುಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ. ಇನ್ನು ಗಾಯದ ವಿಚಾರ. ವಾರ ಕಳೆದ ಮೇಲೂ ಬ್ಯಾಂಡೇಜು ಒದ್ದೆಯಾಗುತ್ತಿದ್ದರೆ, ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಹತ್ತಿರದ ವೈದ್ಯರಿಂದ ಆ್ಯಂಟಿಬಯಾಟಿಕ್ ಬರೆಸಿಕೊಂಡು ಕಾದು ನೋಡುವ ಕೆಲಸ ಮಾಡಬೇಡಿ. ಮಾತ್ರೆ ಸೋಂಕನ್ನು ಕೊಲ್ಲದೆ ಮರೆಮಾಚುತ್ತದೆ, ಕೀಲಿನ ದ್ರವ ತೆಗೆದು ಪರೀಕ್ಷಿಸಿದರೂ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡಿಬಿಡುತ್ತದೆ. ಬೇಗ ಗೊತ್ತಾದರೆ ಕೀಲನ್ನು ತೊಳೆದು ನಡುವಿನ ಪ್ಲಾಸ್ಟಿಕ್ ತುಂಡು ಬದಲಿಸಿ ಲೋಹವನ್ನು ಉಳಿಸಿಕೊಳ್ಳಬಹುದು. ತಡವಾದರೆ ಎಲ್ಲವನ್ನೂ ಕಿತ್ತು ಹಾಕಬೇಕಾದೀತು. ಆಪರೇಷನ್ ಮಾಡಿದವರೇ ಮೊದಲು ನೋಡಲಿ.

ಹೆದರಬೇಕಿಲ್ಲದವೂ ಇವೆ. ಗಾಯದ ಗೆರೆಯ ಹೊರಬದಿಯಲ್ಲಿ ಅಂಗೈಯಗಲ ಮರಗಟ್ಟಿದ ಜಾಗ ಚರ್ಮದ ಸಣ್ಣ ನರ ತುಂಡಾದದ್ದರ ಗುರುತು, ಕಾಲಕ್ರಮೇಣ ಕುಗ್ಗುತ್ತದೆ, ಕೆಲವರಲ್ಲಿ ಪೂರ್ತಿ ಹೋಗದು. ಟಕ್ ಟಕ್ ಸದ್ದು ಲೋಹ ಪ್ಲಾಸ್ಟಿಕ್ ತಾಗುವುದು. ಮಂಡಿ ಮುಟ್ಟಿದರೆ ಬಿಸಿ ಎನಿಸುವುದು ಆರು ತಿಂಗಳವರೆಗೂ ಇರಬಹುದು. ರಾತ್ರಿ ನಿದ್ದೆ ಕೆಡುವುದು ಆರೇಳು ವಾರ ಸಾಮಾನ್ಯ, ಎಷ್ಟೋ ಜನ ನೋವಿಗಿಂತ ಅದಕ್ಕೇ ಸೋಲುತ್ತಾರೆ.

ಕೊನೆಯದಾಗಿ ಇನ್ನೊಂದು ಮಂಡಿ. ಅದೂ ಸವೆದು 15-20 ಡಿಗ್ರಿ ಬಾಗಿದ್ದರೆ ಆ ಕಾಲು ಗಿಡ್ಡವಾಗಿರುತ್ತದೆ, ಸಮತೋಲನಕ್ಕಾಗಿ ಹೊಸ ಮಂಡಿಯನ್ನೂ ಬಾಗಿಸಿಕೊಂಡೇ ನಡೆಯುವುದು ರೂಢಿಯಾಗುತ್ತದೆ. ವ್ಯಾಯಾಮದಲ್ಲಿ ಗಳಿಸಿದ ಸೊನ್ನೆ ಹೀಗೆ ನಡಿಗೆಯಲ್ಲಿ ಸೋರಿಹೋಗುತ್ತದೆ. ಅಂಥವರು ಎರಡನೆಯ ಆಪರೇಷನ್ನಿಗೆ ಎಷ್ಟು ಅಂತರ ಎಂಬುದನ್ನು ಮೊದಲನೆಯದಕ್ಕೆ ಒಪ್ಪುವಾಗಲೇ ಕೇಳಬೇಕು. ಒಂದೇ ದಿನ ಎರಡನ್ನೂ ಮಾಡಿಸುವುದು ವಯಸ್ಸಾದವರಿಗೆ, ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೆ ಹೆಚ್ಚು ಅಪಾಯದ್ದು. ಅಂತರ ತಿಂಗಳುಗಟ್ಟಲೆ ಆಗುವುದಾದರೆ, ಆಪರೇಷನ್ ಆಗದ ಬಾಗಿದ ಕಾಲಿನ ಚಪ್ಪಲಿಗೆ ಒಂದು ಎರಡು ಸೆಂ.ಮೀ. ಅಟ್ಟೆ ಹೆಚ್ಚಿಸಬೇಕೇ ಎಂದು ಫಿಸಿಯೊಥೆರಪಿಸ್ಟರನ್ನು ಕೇಳಿ ಅಳತೆ ಮಾಡಿಸಿ. ಅಟ್ಟೆ ಹಾಕಿಸಿದರೆ ವಾಕರ್, ಊರುಗೋಲಿನ ಎತ್ತರವನ್ನೂ ಮತ್ತೆ ಹೊಂದಿಸಬೇಕು.

ಇತಿ,
ಮಂಡಿ ಕೀಲು ಬದಲಾವಣೆಯ ರೋಗಿಗಳಿಗೆ ವ್ಯಾಯಾಮ ಮಾಡಿಸುವ ಫಿಸಿಯೊಥೆರಪಿಸ್ಟರು