ಲೇತ್ ಬಿಟ್ಟು ಕ್ಲಾಸಿಗೆ ಹೊರಟವನಿಗೆ

ಪ್ರೀತಿಯ ಶಿವು,

ಬೆಂಗಳೂರಿನ ತುಮಕೂರು ರಸ್ತೆಯ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ, ಅದೇ ಎನ್‌ಎಸ್‌ಟಿಐನಲ್ಲಿ, ಐಟಿಐ ಮೇಷ್ಟ್ರಾಗಲು ಓದುವ ಸಿಐಟಿಎಸ್ ಕೋರ್ಸಿಗೆ ನಿನಗೆ ಸೀಟು ಸಿಕ್ಕಿತು ಅಂತ ಅಕ್ಕ ಹೇಳಿದಳು. ತುಂಬಾ ಖುಷಿಯಾಯಿತು. ಪೀಣ್ಯದ ಲೇತ್ ಕೆಲಸ ಬಿಟ್ಟು ಒಂದು ವರ್ಷ ಮತ್ತೆ ಓದೋದಾ ಅಂತ ಭಾವ ಗೊಣಗುತ್ತಿದ್ದಾರಂತೆ. ಸಂಬಳ ನಿಲ್ಲುತ್ತದೆ, ಅವರ ಚಿಂತೆ ತಪ್ಪಲ್ಲ. ಅವರ ಹತ್ತಿರ ನಾನು ಮಾತಾಡುತ್ತೇನೆ. ನೀನು ಹೋಗು.

ನಿನ್ನ ಕೈ ಪಳಗಿದೆ. ಕಲಿಸುವಾಗ ಅದೇ ತೊಡಕು. ಲೇತ್‌ನ ಫೋರ್ ಜಾ ಚಕ್‌ನಲ್ಲಿ, ಅಂದರೆ ನಾಲ್ಕು ದವಡೆಯ ಹಿಡಿಕೆಯಲ್ಲಿ, ಜಾಬ್ (ಕೆಲಸದ ತುಂಡು) ಸರಿಯಾಗಿ ನಡುವಿಗೆ ಬರುವಂತೆ ಸೆಂಟರ್ ಮಾಡುವಾಗ ನೀನು ಯೋಚನೆ ಮಾಡುವುದೇ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹುಡುಗನಿಗೆ ಅದು ಕಣ್ಕಟ್ಟಿನ ಹಾಗೆ ಕಾಣುತ್ತದೆ. ಅವನಿಗೆ ಒಂದೊಂದಾಗಿ ಬಿಡಿಸಿ ಹೇಳಬೇಕು. ಗೇರ್ ನ್ಯೂಟ್ರಲ್‌ಗೆ ಹಾಕಿ ಚಕ್ ಕೈಯಲ್ಲಿ ತಿರುಗಿಸು. ಚಾಕ್‌ಪೀಸ್ ಮೆಲ್ಲಗೆ ಹತ್ತಿರ ತಾ. ಗುರುತು ಬಿದ್ದ ಕಡೆ ಜಾಬ್ ಹೊರಕ್ಕೆ ಬಂದಿದೆ. ಎದುರಿನ ಜಾ ಸ್ವಲ್ಪ ಸಡಿಲಿಸಿ, ಗುರುತಿನ ಕಡೆಯದನ್ನು ಬಿಗಿ ಮಾಡು. ಎಷ್ಟು ಸಡಿಲಿಸಬೇಕು, ಯಾಕೆ ಮೊದಲು ಎದುರಿನದು ಅಂತ ಹುಡುಗರು ಕೇಳುತ್ತಾರೆ. ಉತ್ತರ ನಿನ್ನ ಕೈಯಲ್ಲಿದೆ, ಬಾಯಿಗೆ ಬರಬೇಕು. ಈ ವರ್ಷ ಇರುವುದು ಅದಕ್ಕೇ.

ತಯಾರಿ, ತೋರಿಸುವುದು, ಮಾಡಿಸುವುದು, ಪರೀಕ್ಷಿಸುವುದು ಅಂತ ನಾಲ್ಕು ಹಂತ ಹೇಳಿಕೊಡುತ್ತಾರೆ. ಲೆಸನ್ ಪ್ಲಾನ್ ಬರೆದು ಬರೆದು ಬೇಜಾರಾಗುತ್ತದೆ, ಆದರೂ ಬರಿ. ಎಷ್ಟೋ ಜನ ಎರಡನೇ ಹಂತದಲ್ಲೇ ನಿಂತುಬಿಡುತ್ತಾರೆ. 'ನೋಡಿದ್ರಲ್ಲ, ಮಾಡಿ' ಅಂದು ಟೀ ಕುಡಿಯಲು ಹೋಗುತ್ತಾರೆ. ನೋಡಿದ್ದು ಎಷ್ಟು ಜನ? ಒಂದು ಲೇತ್ ಸುತ್ತ 20 ಹುಡುಗರು ನಿಂತರೆ ಹಿಂದಿನವರಿಗೆ ಕಾಣುವುದು ನಿನ್ನ ಬೆನ್ನು ಮಾತ್ರ. ಗುಂಪು ಮಾಡಿ, ಮೂರು ಸಲ ಆದರೂ ತೋರಿಸು.

ಹುಡುಗನ ಜಾಬ್ ಕೆಡುತ್ತಿದ್ದರೆ ಕಿತ್ತುಕೊಂಡು ನೀನೇ ಸರಿ ಮಾಡಬೇಡ. ಕೈ ಕಟ್ಟಿ ನಿಂತು, ಏನಾಗ್ತಿದೆ ಅಂತ ಅವನನ್ನೇ ಕೇಳು. ಒಂದು ತುಂಡು ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಹೋದರೆ ಹೋಗಲಿ. ಚಕ್ ಬಿಗಿ ಮಾಡುವ ಕೀ ಅದರಲ್ಲೇ ಬಿಟ್ಟು ಸ್ವಿಚ್‌ಗೆ ಕೈ ಹಾಕಿದರೆ ಮಾತ್ರ ಕಾಯಬೇಡ, ಕೂಗು. ಅಲ್ಲಿ ಮುಲಾಜು ಬೇಡ.

ಇನ್ನೊಂದು. ಪ್ರಾಕ್ಟೀಸ್ ಟೀಚಿಂಗ್‌ನಲ್ಲಿ ಎದುರಿಗೆ ಕೂರುವವರು ನಿನ್ನ ಜೊತೆಯವರೇ. ಅವರಿಗೆ ಕೆಲಸ ಮೊದಲೇ ಗೊತ್ತು, ಸುಮ್ನೆ ತಲೆ ಆಡಿಸುತ್ತಾರೆ. ಅದನ್ನು ಜಾಸ್ತಿ ನಂಬಬೇಡ. ಮುಂದಿನ ಸಲ ಊರಿಗೆ ಬರುವಾಗ ಲೆಸನ್ ಪ್ಲಾನ್ ಬುಕ್ಕು, ಅಳತೆ ತೆಗೆಯುವ ಒಂದು ವರ್ನಿಯರ್ ಹಿಡಿದುಕೊಂಡು ಬಾ. ಪಕ್ಕದ ಮನೆ ಹುಡುಗ ಒಂಬತ್ತನೇ ಕ್ಲಾಸು. ಅವನಿಗೆ ರೀಡಿಂಗ್ ತೆಗೆಯುವುದು ಕಲಿಸು. ಎಲ್ಲಿ ತಡವರಿಸುತ್ತಾನೋ ಅಲ್ಲೇ ಪ್ಲಾನ್ ತಿದ್ದೋಣ.

ನಿನ್ನ ಮಾವ